ನಿದ್ರೆಹೋದ ತಾಯಿಯನ್ನು ಜ್ಞಾಪಕಮಾಡುವ ವಿಧ

ಓದತಕ್ಕ ವೇದಭಾಗಗಳು: ಆದಿಕಾಂಡ 23, ಅಪೊಸ್ತಲರ ಕೃತ್ಯಗಳು 9:36–41, 2 ತಿಮೊಥೆಯನಿಗೆ 1:3–7 ಮತ್ತು 3:14–15.



ದೀರ್ಘಕಾಲ ಕರ್ತನನ್ನು ಸೇವಿಸಿ, ಮಕ್ಕಳನ್ನೂ ಮೊಮ್ಮಕ್ಕಳನ್ನೂ ಸಾಕಿ ಸಲಹಿದ ತಾಯಿಯೊಬ್ಬಳು ನಿದ್ರೆಹೋದಾಗ ಆ ಮನೆಯವರ ಮುಂದೆ ಒಂದು ಪ್ರಶ್ನೆ ನಿಲ್ಲುತ್ತದೆ. ಇನ್ನು ಮೇಲೆ ಆಕೆಯನ್ನು ಹೇಗೆ ಜ್ಞಾಪಕಮಾಡಬೇಕು? ನಮ್ಮ ನೆರೆಹೊರೆಯವರಿಗೆ ಇದಕ್ಕೆ ಗೊತ್ತಾದ ಪದ್ಧತಿ ಉಂಟು. ವರುಷಕ್ಕೊಮ್ಮೆ ತಿಥಿ ಬರುತ್ತದೆ, ಮಾಡತಕ್ಕದ್ದನ್ನು ಮಾಡಿ ಮುಗಿಸುತ್ತಾರೆ. ನಾವು ಅದನ್ನು ಬಿಟ್ಟು ಬಂದವರು. ಆದರೆ ಬಿಟ್ಟ ಸ್ಥಳದಲ್ಲಿ ಏನನ್ನು ಇಟ್ಟಿದ್ದೇವೆ?

ಕೆಲವರು ಸಾಲಮಾಡಿ ಊರಿಗೆಲ್ಲಾ ಊಟ ಹಾಕಿ, ಆ ಸಾಲವನ್ನು ತೀರಿಸುವದರಲ್ಲಿ ಮೂರು ಸುಗ್ಗಿಗಳನ್ನು ಕಳೆಯುತ್ತಾರೆ. ಕೆಲವರು ತಾಯಿಯ ಭಾವಚಿತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿ, ಅಲ್ಲಿಗೆ ತಮ್ಮ ಕೆಲಸ ತೀರಿತೆಂದು ತಿಳಿಯುತ್ತಾರೆ. ಇನ್ನು ಕೆಲವರು ಆಕೆಯ ಕಿವಿಯೋಲೆಯನ್ನೂ ಹೊಲವನ್ನೂ ಹಂಚಿಕೊಳ್ಳುವ ಜಗಳದಲ್ಲಿ ಬಿದ್ದು, ಆಕೆಯನ್ನೇ ಮರೆತುಬಿಡುತ್ತಾರೆ. ಹೀಗಿರಲಾಗಿ, ತಾಯಿಯನ್ನು ಜ್ಞಾಪಕಮಾಡುವ ವಿಧವನ್ನು ಸತ್ಯವೇದದಿಂದಲೂ, ಸಭೆಯ ಚರಿತ್ರೆಯಿಂದಲೂ, ನಮ್ಮ ಸೀಮೆಯ ಒಬ್ಬ ತಾಯಿಯ ಬಾಳಿನಿಂದಲೂ ಈ ಪಾಠದಲ್ಲಿ ಕಲಿಯೋಣ.

1. ಸಾರಳ ಸಮಾಧಿ

ಸತ್ಯವೇದದಲ್ಲಿ ಅನೇಕ ಸ್ತ್ರೀಯರ ಚರಿತ್ರೆ ಬರೆದದೆ. ಆದರೆ ಒಬ್ಬ ಸ್ತ್ರೀಯು ಸತ್ತಾಗ ಆಕೆಗೆ ಎಷ್ಟು ವರುಷವಾಗಿತ್ತೆಂಬದನ್ನು ಸಾರಳ ವಿಷಯದಲ್ಲಿ ಮಾತ್ರ ಹೇಳಿಯದೆ. ಆಕೆ 127 ವರುಷ ಬದುಕಿದಳು. ಅಬ್ರಹಾಮನು ಆಕೆಗೋಸ್ಕರ ಗೋಳಾಡಿ ಅತ್ತನು. ನಂಬಿಕೆಯುಳ್ಳವರ ತಂದೆ ಎನ್ನಿಸಿಕೊಂಡವನು ಅತ್ತನೆಂಬದನ್ನು ಗಮನಿಸಿರಿ. ಪುನರುತ್ಥಾನದ ನಿರೀಕ್ಷೆಯುಳ್ಳವರು ಕಣ್ಣೀರು ಹಾಕಬಾರದೆಂದು ಹೇಳುವವರು ಈ ಅಧ್ಯಾಯವನ್ನು ಇನ್ನೊಂದು ಸಾರಿ ಓದಲಿ.

ಅತ್ತ ಮೇಲೆ ಅಬ್ರಹಾಮನು ಎದ್ದು, ಸಮಾಧಿಗೆ ಸ್ಥಳವನ್ನು ಹುಡುಕಿದನು. ಹಿತ್ತಿಯರು ಅದನ್ನು ಸುಮ್ಮನೆ ಕೊಡುತ್ತೇವೆಂದು ಹೇಳಿದರೂ ಅವನು ಒಪ್ಪದೆ, ಊರ ಬಾಗಲಲ್ಲಿ ಕೂತವರೆಲ್ಲರ ಎದುರಿಗೆ 400 ಶೇಕೆಲ್ ಬೆಳ್ಳಿಯನ್ನು ತೂಗಿ ಕೊಟ್ಟು, ಮಕ್ಪೇಲದ ಹೊಲವನ್ನೂ ಅದರಲ್ಲಿದ್ದ ಗವಿಯನ್ನೂ ಕೊಂಡುಕೊಂಡನು. ದೇವರು ವಾಗ್ದಾನಮಾಡಿದ ದೇಶದಲ್ಲಿ ಅವನು ಹಣಕೊಟ್ಟು ಪಡೆದ ಮೊದಲನೆಯ ಹೊಲವು ಒಬ್ಬ ತಾಯಿಯ ಸಮಾಧಿಯ ನಿಮಿತ್ತವಾಗಿ ಬಂತು.

ಇದರಿಂದ ನಮಗೆ ಎರಡು ಬುದ್ಧಿಮಾತುಗಳು ಉಂಟು. ಮೊದಲನೆಯದು, ಕೈಯಲ್ಲಿ ಇದ್ದದ್ದರಿಂದ ಮರ್ಯಾದೆಯಾಗಿ ಹೂಣಿಡಬೇಕು. ಇಲ್ಲದ್ದನ್ನು ಸಾಲ ತಂದು ತೋರಿಸಬಾರದು. ಅಬ್ರಹಾಮನು ಇದ್ದ ಬೆಳ್ಳಿಯನ್ನು ತೂಗಿದನು, ಯಾರ ಬಳಿಯಲ್ಲಿಯೂ ಕಡ ಕೇಳಲಿಲ್ಲ. ಎರಡನೆಯದು, ತಾಯಿಯ ವರುಷಗಳನ್ನು ಬರೆದಿಡಬೇಕು. ನಮ್ಮ ಹಳ್ಳಿಗಳಲ್ಲಿ ಹೊಲದ ಉತಾರೆಯನ್ನು ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಡುತ್ತಾರೆ. ಹೆತ್ತ ತಾಯಿ ಯಾವ ವರುಷ ಹುಟ್ಟಿದಳು, ಯಾವಾಗ ದೀಕ್ಷಾಸ್ನಾನ ಹೊಂದಿದಳು ಎಂದು ಕೇಳಿದರೆ, ದೊಡ್ಡ ಮಳೆ ಬಂದ ವರುಷ ಎಂದು ಉತ್ತರ ಕೊಡುತ್ತಾರೆ. ಮನೆಯ ಸತ್ಯವೇದದ ಮೊದಲನೆಯ ಹಾಳೆಯಲ್ಲಿ ಆಕೆಯ ಹೆಸರನ್ನೂ, ತಿಳಿದ ಮಟ್ಟಿಗೆ ವರುಷಗಳನ್ನೂ ಬರೆಯಿರಿ. ಸಭೆಯ ದೀಕ್ಷಾಸ್ನಾನದ ದಫ್ತರವನ್ನು ಅಯ್ಯನವರ ಬಳಿಯಲ್ಲಿ ಕೇಳಿ ನೋಡಿರಿ. ಇದು ಒಂದು ತಾಸಿನ ಕೆಲಸ. ಮೂರು ತಲೆಗಳ ವರೆಗೆ ಉಳಿಯುತ್ತದೆ.

2. ಲೋವಿ ಮತ್ತು ಯೂನಿಕೆ

ಪೌಲನು ಸೆರೆಯಲ್ಲಿದ್ದು ತಿಮೊಥೆಗೆ ಬರೆದ ಎರಡನೆಯ ಪತ್ರಿಕೆಯ ಪ್ರಾರಂಭದಲ್ಲಿ ಇಬ್ಬರು ತಾಯಂದಿರ ಹೆಸರನ್ನು ಹೇಳುತ್ತಾನೆ. ತಿಮೊಥೆಯ ಅಜ್ಜಿ ಲೋವಿ, ಅವನ ತಾಯಿ ಯೂನಿಕೆ. ತಿಮೊಥೆಯಲ್ಲಿರುವ ಯಥಾರ್ಥವಾದ ನಂಬಿಕೆಯು ಮೊದಲು ಅವರಲ್ಲಿ ವಾಸಮಾಡಿತ್ತೆಂದು ಅವನು ಜ್ಞಾಪಕ ಕೊಡುತ್ತಾನೆ.

ಯೂನಿಕೆಯ ಸಂಸಾರವು ಸುಲಭವಾದದ್ದಾಗಿರಲಿಲ್ಲ. ಆಕೆ ನಂಬಿದ ಯೆಹೂದ್ಯಳು. ಆಕೆಯ ಗಂಡನು ಗ್ರೀಕನು ಎಂದು ಅಪೊಸ್ತಲರ ಕೃತ್ಯಗಳ 16ನೆಯ ಅಧ್ಯಾಯದಲ್ಲಿ ಓದುತ್ತೇವೆ. ಅವನೂ ನಂಬಿದನೆಂದು ಅಲ್ಲಿ ಹೇಳಿಲ್ಲ. ಹಾಗಿದ್ದರೂ ಮಗನು ಚಿಕ್ಕಂದಿನಿಂದಲೇ ಪರಿಶುದ್ಧ ಬರಹಗಳನ್ನು ತಿಳಿದವನಾಗಿದ್ದನು. ನಮ್ಮ ಸಭೆಗಳಲ್ಲಿಯೂ ಗಂಡನು ಜೊತೆಗೆ ಬಾರದಿದ್ದರೂ ಮಕ್ಕಳ ಕೈಹಿಡಿದು ದೇವಾಲಯಕ್ಕೆ ಬರುವ ತಾಯಂದಿರು ಇದ್ದಾರೆ. ಅಂಥವರು ಲುಸ್ತ್ರ ಪಟ್ಟಣದ ಈ ಸಹೋದರಿಯನ್ನು ನೆನಸಿ ಧೈರ್ಯ ತಂದುಕೊಳ್ಳಲಿ.

ಆದರೆ ಮುಂದಿನ ಮಾತನ್ನು ನೋಡಿರಿ. ಅಜ್ಜಿ ತಾಯಂದಿರ ಹೆಸರನ್ನು ಹೇಳಿದ ಕೂಡಲೇ ಪೌಲನು ತಿಮೊಥೆಗೆ, ನಿನ್ನಲ್ಲಿರುವ ದೇವರ ವರವೆಂಬ ಕೆಂಡವನ್ನು ಊದಿ ಉರಿಸು ಎಂಬ ಅರ್ಥದ ಮಾತನ್ನು ಬರೆಯುತ್ತಾನೆ. ತಾಯಿಯ ಒಲೆಯಲ್ಲಿ ಬೆಂಕಿ ಇತ್ತೆಂಬದರಿಂದ ಮಗನ ಮನೆಯಲ್ಲಿ ಅನ್ನ ಬೇಯುವದಿಲ್ಲ. ಅಲ್ಲಿಂದ ಕೆಂಡವನ್ನು ತಂದು ತನ್ನ ಒಲೆಯಲ್ಲಿಟ್ಟು ಊದಬೇಕು. ಹೊಲವೂ ಮನೆಯೂ ಬಾಧ್ಯತೆಯಿಂದ ಬರುತ್ತವೆ. ನಂಬಿಕೆಯು ಹಾಗೆ ಬರುವದಿಲ್ಲ. ತಾಯಿಯನ್ನು ಜ್ಞಾಪಕಮಾಡುವವನು ಆಕೆ ಮಾಡುತ್ತಿದ್ದ ಕೆಲಸವನ್ನು ಕೈಗೆ ತೆಗೆದುಕೊಳ್ಳಬೇಕು. ಈ ಪಾಠದ ಮುಖ್ಯಾರ್ಥವು ಇದೇ.

3. ಎಪ್ವರ್ತಿನ ತಾಯಿ

ಬೆಳಗಾವಿಯಲ್ಲಿ ಪ್ರಾಟೆಸ್ಟಂಟ್ ಮಿಶನ್ನಿನ ಕೆಲಸವು 1820ರಲ್ಲಿ ಲಂಡನ್ ಮಿಶನ್ನಿನ ಜೋಸೆಫ್ ಟೇಲರ್ ಅಯ್ಯನವರಿಂದ ಪ್ರಾರಂಭವಾಯಿತು. 1904ರಲ್ಲಿ ಆ ಕೆಲಸವು ಅಮೇರಿಕದ ಮೆಥೊಡಿಸ್ಟ್ ಮಿಶನ್ನಿನ ಕೈಗೆ ಬಂತು. ಮೆಥೊಡಿಸ್ಟ್ ಸಭೆಯ ಮೂಲಪುರುಷನಾದ ಜಾನ್ ವೆಸ್ಲಿಯ ಹೆಸರನ್ನು ನಮ್ಮವರಲ್ಲಿ ಅನೇಕರು ಬಲ್ಲರು. ಅವನನ್ನು ಹೆತ್ತು ಕಲಿಸಿದ ಸುಸನ್ನಾ ವೆಸ್ಲಿಯನ್ನು ಬಲ್ಲವರು ಕಡಿಮೆ. ಆದಕಾರಣ ಆಕೆಯ ವಿಷಯವಾಗಿ ಸ್ವಲ್ಪ ಹೇಳುವೆವು.

ಸುಸನ್ನಾ 1669ರಲ್ಲಿ ಲಂಡನ್ ಪಟ್ಟಣದಲ್ಲಿ ಹುಟ್ಟಿದಳು. ಸಮುವೇಲ್ ವೆಸ್ಲಿ ಎಂಬ ಬೋಧಕನನ್ನು ಮದುವೆಯಾಗಿ 19 ಮಕ್ಕಳನ್ನು ಹೆತ್ತಳು. ಅವರಲ್ಲಿ 9 ಮಂದಿ ಕೂಸುಗಳಾಗಿರುವಾಗಲೇ ಸತ್ತರು. ಇಂಗ್ಲೆಂಡಿನ ಎಪ್ವರ್ತ್ ಎಂಬ ಹಳ್ಳಿಯಲ್ಲಿ ಅವರ ವಾಸ. ಮನೆಯಲ್ಲಿ ಬಡತನ, 1705ರಲ್ಲಿ ಗಂಡನು ಸಾಲದ ನಿಮಿತ್ತ ಸೆರೆಮನೆಗೆ ಹೋದನು. 1709ರಲ್ಲಿ ಮನೆಗೆ ಬೆಂಕಿ ಬಿದ್ದು ಎಲ್ಲವೂ ಸುಟ್ಟುಹೋಯಿತು. ಐದು ವರುಷದ ಜಾನನನ್ನು ಕಡೇ ಗಳಿಗೆಯಲ್ಲಿ ಕಿಟಕಿಯಿಂದ ಇಳಿಸಿದರು.

ಇಷ್ಟು ಕಷ್ಟಗಳ ನಡುವೆ ಆಕೆ ಮಕ್ಕಳಿಗೆ ತಾನೇ ಓದು ಬರಹ ಕಲಿಸಿದಳು. ಮಗುವಿಗೆ ಐದು ವರುಷ ತುಂಬಿದಾಗ ಅಕ್ಷರಾಭ್ಯಾಸ. ಅದಲ್ಲದೆ ವಾರದಲ್ಲಿ ಒಂದೊಂದು ಸಂಜೆ ಒಂದೊಂದು ಮಗುವನ್ನು ಪ್ರತ್ಯೇಕವಾಗಿ ಕೂಡ್ರಿಸಿಕೊಂಡು ಅದರ ಆತ್ಮದ ವಿಷಯವಾಗಿ ಮಾತಾಡುತ್ತಿದ್ದಳು. ಜಾನನ ಪಾಲಿಗೆ ಗುರುವಾರ. ಅವನು ದೊಡ್ಡವನಾಗಿ ವಿದ್ವಾಂಸನಾದ ಮೇಲೆಯೂ ಆ ಗುರುವಾರದ ಸಂಜೆಯನ್ನು ನೆನಸಿ ತಾಯಿಗೆ ಪತ್ರ ಬರೆದನು. ಮಕ್ಕಳು ಬಹಳ ಮಂದಿ ಇದ್ದಾರೆ, ನನಗೆ ಪುರಸೊತ್ತಿಲ್ಲ ಎಂದು ಹೇಳುವ ನಾವು ಇದರ ಮೇಲೆ ಯೋಚಿಸೋಣ.

1711–12ರ ಚಳಿಗಾಲದಲ್ಲಿ ಗಂಡನು ಲಂಡನ್ನಿಗೆ ಹೋಗಿದ್ದಾಗ, ಸುಸನ್ನಾ ಆದಿತ್ಯವಾರದ ಸಂಜೆ ಮಕ್ಕಳನ್ನೂ ಆಳುಗಳನ್ನೂ ಕೂಡಿಸಿ ಪ್ರಾರ್ಥನೆಮಾಡಿ ಪ್ರಸಂಗಗಳನ್ನು ಓದುತ್ತಿದ್ದಳು. ನೆರೆಯವರು ಕೇಳಲು ಬಂದರು. ಬರುತ್ತಾ ಬರುತ್ತಾ ಸುಮಾರು 200 ಮಂದಿಯಾದರು. ಹೆಂಗಸು ಹೀಗೆ ಮಾಡಬಹುದೋ ಎಂಬ ದೂರು ಹೋಗಿ, ನಿಲ್ಲಿಸಬೇಕೆಂದು ಗಂಡನಿಂದ ಪತ್ರ ಬಂತು. ಆಕೆ ವಿನಯವಾಗಿಯೂ ದೃಢವಾಗಿಯೂ ಉತ್ತರ ಬರೆದಳು: ನಿಲ್ಲಿಸಬೇಕಾದರೆ ಸ್ಪಷ್ಟವಾದ ಆಜ್ಞೆಯನ್ನು ಕೊಡಿರಿ, ನ್ಯಾಯತೀರ್ಪಿನ ದಿನದಲ್ಲಿ ಈ ಆತ್ಮಗಳ ವಿಷಯವಾದ ಲೆಕ್ಕವು ನನ್ನ ಮೇಲೆ ಬಾರದಿರಲಿ ಎಂಬದೇ ಅದರ ತಾತ್ಪರ್ಯ. ಕೂಟವು ನಿಲ್ಲಲಿಲ್ಲ.

ಇನ್ನೊಂದು ಸಂಗತಿಯನ್ನೂ ಮರೆಮಾಡಬಾರದು. ಆ ಮನೆಯಲ್ಲಿ ಜಗಳವೂ ಇತ್ತು. ರಾಜನಾದ ವಿಲಿಯಮನಿಗೋಸ್ಕರ ಗಂಡನು ಮಾಡಿದ ಪ್ರಾರ್ಥನೆಗೆ ಸುಸನ್ನಾ ಆಮೆನ್ ಹೇಳಲಿಲ್ಲವೆಂದು ಅವನು ಸಿಟ್ಟಾಗಿ ಮನೆಬಿಟ್ಟು ಕೆಲವು ತಿಂಗಳು ಬೇರೆಯಾಗಿದ್ದನು. 1702ರಲ್ಲಿ ಅವರು ಸಮಾಧಾನವಾಗಿ ಕೂಡಿದರು. 1703ರಲ್ಲಿ ಜಾನನು ಹುಟ್ಟಿದನು. ಆ ಮುರಿದ ಸಂಸಾರವು ಮುರಿದೇ ಉಳಿದಿದ್ದರೆ ಏನಾಗುತ್ತಿತ್ತು? ಭಕ್ತಿಯುಳ್ಳ ತಾಯಂದಿರ ಚರಿತ್ರೆಯನ್ನು ಹೇಳುವಾಗ ಅವರನ್ನು ದೋಷವಿಲ್ಲದ ದೇವದೂತರಂತೆ ಚಿತ್ರಿಸುವದು ಬೇಡ. ದೇವರ ಕೃಪೆಯು ಮಣ್ಣಿನ ಗಡಿಗೆಗಳಲ್ಲಿಯೇ ಕೆಲಸಮಾಡಿತೆಂಬದು ಹೆಚ್ಚಾದ ಸಾಕ್ಷಿ.

ಸುಸನ್ನಾ 1742ರ ಜುಲೈಯಲ್ಲಿ ತನ್ನ 73ನೆಯ ವರುಷದಲ್ಲಿ ನಿದ್ರೆಹೋದಳು. ತನ್ನ ಪ್ರಾಣವು ಬಿಡುಗಡೆಯಾದ ಕೂಡಲೇ ದೇವರಿಗೆ ಸ್ತೋತ್ರದ ಕೀರ್ತನೆಯನ್ನು ಹಾಡಬೇಕೆಂದು ಮಕ್ಕಳಿಗೆ ಹೇಳಿದ್ದಳು. ಅವರು ಹಾಗೆಯೇ ಹಾಡಿದರು. ಜಾನನು ಇನ್ನೂ ಸುಮಾರು 49 ವರುಷ ಬದುಕಿ, ಊರೂರು ತಿರುಗಿ ಸಾರಿದನು. ಅದೇ ಅವನು ತಾಯಿಗೆ ಕಟ್ಟಿದ ಸ್ಮಾರಕ.

4. ಲೋಂಡಾದ ತಾಯಿ

ಎಪ್ವರ್ತ್ ದೂರದ ಊರು, ಸುಸನ್ನಾ ಓದಿದವಳು, ನಮಗೆ ಅದು ಆಗುವದೋ ಎಂದು ಯಾರಾದರೂ ಕೇಳಬಹುದು. ಆದದರಿಂದ ಹತ್ತಿರದ ಒಂದು ದೃಷ್ಟಾಂತವನ್ನು ಕೊಡುತ್ತೇವೆ. ಇದು ನಮ್ಮನ್ನು ಹೆತ್ತ ತಾಯಿಯ ಸಂಗತಿ. ಮನೆಯ ಮಾತನ್ನು ಬೈಲಿಗೆ ತರುವದು ಸಂಕೋಚವಾದರೂ, ಇದರಲ್ಲಿ ಸೇರಿದ ನಮ್ಮ ಅಣ್ಣಂದಿರಿಬ್ಬರ ಅಪ್ಪಣೆಯನ್ನು ಪಡೆದೇ ಬರೆಯುತ್ತೇವೆ.

ಖಾನಾಪುರ ತಾಲೂಕಿನ ಲೋಂಡಾ ಊರನ್ನು ಓದುಗರಲ್ಲಿ ಅನೇಕರು ರೈಲಿನಲ್ಲಿ ಹೋಗುವಾಗ ನೋಡಿರಬಹುದು. ಬೆಳಗಾವಿಯ ಹಾದಿ, ಹುಬ್ಬಳ್ಳಿಯ ಹಾದಿ, ಗೋವೆಯ ಹಾದಿ ಈ ಮೂರೂ ಅಲ್ಲಿ ಕೂಡುತ್ತವೆ. ಸುತ್ತಲೂ ಸಹ್ಯಾದ್ರಿಯ ಅಡವಿ. ಮಳೆ ಹಿಡಿದರೆ ವಾರಗಟ್ಟಲೆ ಬಿಡದು. ಮೀಟರ್ ಗೇಜ್ ಹಾದಿಯಿದ್ದ ಕಾಲದಲ್ಲಿ ನಮ್ಮ ತಂದೆ ಅಲ್ಲಿ ಗ್ಯಾಂಗಮನ್ ಆಗಿದ್ದರು. ಮಳೆಗಾಲದ ರಾತ್ರಿಗಳಲ್ಲಿ ಕಂದೀಲು ಹಿಡಿದು, ಹಳಿಯ ಮೇಲೆ ಮಣ್ಣು ಕುಸಿದದೆಯೋ ಮರ ಬಿದ್ದದೆಯೋ ಎಂದು ನೋಡುತ್ತಾ ನಡೆಯುವದು ಅವರ ಕೆಲಸ. ಅವರ ಕಂದೀಲು ತಿರುಗಿ ಬಾಗಲಿಗೆ ಬರುವ ವರೆಗೆ ತಾಯಿ ಮಲಗುತ್ತಿರಲಿಲ್ಲ. ಮಲಗಿದ ಮಕ್ಕಳ ನಡುವೆ ಕೂತು ಮೆಲ್ಲನೆ ಪ್ರಾರ್ಥಿಸುತ್ತಿದ್ದಳು. ಪ್ರಾರ್ಥನೆ ಎಂದರೇನೆಂದು ನಾವು ಮೊದಲು ಕಲಿತದ್ದು ಅರೆನಿದ್ರೆಯಲ್ಲಿ ಕೇಳಿದ ಆ ಸ್ವರದಿಂದಲೇ. ಪಾಠಶಾಲೆಯೂ ಸೆಮಿನರಿಯೂ ಆಮೇಲೆ ಬಂದವು.

ಆಕೆಗೆ ಓದು ಬಾರದು. ಸಂತೆಯಲ್ಲಿ ಮರಾಠಿ, ನೆರೆಮನೆಯವರ ಸಂಗಡ ಕೊಂಕಣಿ, ದೇವರ ಸಂಗಡ ಕನ್ನಡ. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಅಯ್ಯನವರೂ ಅವರ ಜೊತೆಗಾರರೂ ದುಡಿದ ಮೇಲೆ 1831ರಲ್ಲಿ ಸಂಪೂರ್ಣ ಸತ್ಯವೇದವು ಕನ್ನಡದಲ್ಲಿ ಬಂತೆಂಬ ಚರಿತ್ರೆಯನ್ನು ಆಕೆ ಅರಿಯಳು. ಆದರೆ ಸಂಜೆಯ ಊಟಕ್ಕೆ ಮುಂಚೆ ಒಂದು ಅಧ್ಯಾಯವನ್ನು ಓದದ ಮಗುವಿಗೆ ತಾಟು ಇಡುತ್ತಿರಲಿಲ್ಲ. ನಾವು ಒಂದು ವಚನವನ್ನು ಹಾರಿಸಿದರೆ, ಓದಲು ಬಾರದ ಆಕೆಯೇ ಅದನ್ನು ಹಿಡಿದು ತಿರುಗಿ ಓದಿಸುತ್ತಿದ್ದಳು. ಕೇಳಿ ಕೇಳಿ ಅಷ್ಟು ಬಾಯಿಪಾಠವಾಗಿತ್ತು. ದಿನಾಲು ಅಕ್ಕಿ ತೊಳೆಯುವದಕ್ಕೆ ಮುಂಚೆ ಒಂದು ಹಿಡಿಯನ್ನು ಬೇರೆ ಗಡಿಗೆಗೆ ಹಾಕುವಳು. ಆದಿತ್ಯವಾರ ಅದು ಕಾಣಿಕೆಯಾಗಿ ದೇವಾಲಯಕ್ಕೆ ಹೋಗುವದು. ಆ ವಾರ ಮನೆಯಲ್ಲಿ ಗಂಜಿಯೇ ಆದರೂ ಹಿಡಿಯು ಸಣ್ಣದಾಗುತ್ತಿರಲಿಲ್ಲ. ಆಕೆಯ ನಾಲಿಗೆಯು ಮಾತ್ರ ಬಿರುಸು. ಅದರ ಏಟನ್ನು ತಿನ್ನದವರು ನಮ್ಮ ಕೇರಿಯಲ್ಲಿ ಯಾರೂ ಇಲ್ಲ. ಸಿಟ್ಟಿನಲ್ಲಿ ಮಾತಾಡಿದ ದಿನ ಸಂಜೆಗೆ ತಾನೇ ಹೋಗಿ ಅವರ ಕಟ್ಟೆಯ ಮೇಲೆ ಕೂತು ಸಮಾಧಾನಮಾಡಿಕೊಂಡು ಬರುವಳು.

ತಂದೆಯವರು ತೀರಿಹೋದ ಮೇಲೆ ಅವರು ಕೊಂಡಿದ್ದ ಭತ್ತದ ಗದ್ದೆಯನ್ನು ಹಂಚುವಾಗ ನಡುವಿನ ಬದುವಿನ ವಿಷಯವಾಗಿ ನಮ್ಮ ಹಿರಿಯ ಅಣ್ಣನಿಗೂ ನಡುವಿನ ಅಣ್ಣನಿಗೂ ಜಗಳವಾಯಿತು. ಒಂದು ಮೊಳ ಅಗಲದ ಮಣ್ಣಿಗಾಗಿ ಒಂದೇ ಹೊಟ್ಟೆಯ ಮಕ್ಕಳು ಹನ್ನೊಂದು ವರುಷ ಮಾತು ಬಿಟ್ಟರು. ಕರ್ತನ ಭೋಜನದಲ್ಲಿ ಒಬ್ಬರು ಬಲಗಡೆ, ಒಬ್ಬರು ಎಡಗಡೆ. ತಾಯಿ ಯಾರ ಪಕ್ಷವನ್ನೂ ಹಿಡಿಯಲಿಲ್ಲ. ರಾತ್ರಿಯ ಪ್ರಾರ್ಥನೆಯಲ್ಲಿ ಇಬ್ಬರ ಹೆಸರನ್ನೂ ಒಂದೇ ಉಸುರಿನಲ್ಲಿ ಹೇಳುವಳು. ಕ್ರಿಸ್ಮಸ್ ಬಂದಾಗ ಕರಚಿಕಾಯಿ ಮಾಡಿ ಒಂದೇ ಹಿತ್ತಾಳೆ ಡಬ್ಬಿಯಲ್ಲಿ ತುಂಬಿ ಮೊಮ್ಮಕ್ಕಳ ಕೈಯಲ್ಲಿ ಕೊಟ್ಟು, "ಡಬ್ಬಿ ಒಂದೇ ಐತಿ, ಮನಿ ಎರಡು, ಹಂಚಿಕೊಂಡು ತಿನ್ರಿ" ಎಂದು ಹೇಳಿ ಕಳುಹಿಸುವಳು. ಹಿರಿಯವನ ಮನೆಯಲ್ಲಿ ಅರ್ಧ ತೆಗೆದುಕೊಂಡರೆ ಉಳಿದದ್ದನ್ನು ಆ ಮನೆಯ ಮಗುವೇ ಕಿರಿಯವನ ಮನೆಗೆ ಒಯ್ಯಬೇಕು. ದೊಡ್ಡವರು ಮಾತಾಡದಿದ್ದರೂ ಮಕ್ಕಳ ಕಾಲು ಆ ಹಾದಿಯನ್ನು ಮರೆಯಬಾರದೆಂಬದು ಆಕೆಯ ಉಪಾಯ.

ಆಕೆ 82 ವರುಷ ಬದುಕಿ ನಿದ್ರೆಹೋದಳು. ಅಣ್ಣಂದಿರಿಬ್ಬರೂ ಹೆಣಕ್ಕೆ ಹೆಗಲು ಕೊಟ್ಟರು. ಆದರೆ ಒಬ್ಬರನ್ನೊಬ್ಬರು ನೋಡಲಿಲ್ಲ. ಹನ್ನೊಂದು ವರುಷದ ಪ್ರಾರ್ಥನೆಗೆ ಉತ್ತರವನ್ನು ಕಾಣದೆಯೇ ಆಕೆ ಹೋದಳು.

5. ದೊರ್ಕಳ ಅಂಗಿಗಳು

ಯೊಪ್ಪದಲ್ಲಿ ದೊರ್ಕಳು ಸತ್ತಾಗ ಪೇತ್ರನು ಬಂದನು. ಅಲ್ಲಿದ್ದ ವಿಧವೆಯರು ಏನು ಮಾಡಿದರು? ದೊರ್ಕಳು ತಮ್ಮ ಸಂಗಡ ಇದ್ದಾಗ ಹೊಲಿದು ಕೊಟ್ಟ ಅಂಗಿಗಳನ್ನೂ ವಸ್ತ್ರಗಳನ್ನೂ ಅಳುತ್ತಾ ತೋರಿಸಿದರು. ದೊಡ್ಡ ಮಾತುಗಳಿಂದ ಹೊಗಳಿದರೆಂದು ಬರೆದಿಲ್ಲ. ಆಕೆಯ ಕೈಕೆಲಸವೇ ಆಕೆಯ ಜ್ಞಾಪಕವಾಯಿತು.

ನಮ್ಮ ತಾಯಂದಿರು ಬಿಟ್ಟುಹೋಗುವ ಅಂಗಿಗಳು ಯಾವವು? ಹಳೇ ಸೀರೆಗಳನ್ನು ಕೂಡಿಸಿ ಹೊಲಿದ ಕೌದಿ ಇರಬಹುದು. ಹಿಡಿ ಅಕ್ಕಿಯ ಗಡಿಗೆ ಇರಬಹುದು. ತಿರುವಿ ತಿರುವಿ ಅಂಚು ಸವೆದ ಸತ್ಯವೇದ ಇರಬಹುದು. ಇವುಗಳನ್ನು ಪೆಟ್ಟಿಗೆಯಲ್ಲಿ ಮುಚ್ಚಿಡುವದು ಒಂದು. ಎತ್ತಿಕೊಂಡು ನಡಿಸುವದು ಇನ್ನೊಂದು.

ತಾಯಿ ಹೋದ ವರುಷದ ಕ್ರಿಸ್ಮಸ್ಸಿನಲ್ಲಿ ಆ ಹಿತ್ತಾಳೆ ಡಬ್ಬಿಯು ಹಿರಿಯ ಅಣ್ಣನ ಮನೆಯಲ್ಲಿತ್ತು. ಅತ್ತಿಗೆಯವರು ಯಾರನ್ನೂ ಕೇಳದೆ ಕರಚಿಕಾಯಿ ಮಾಡಿ ಅದರಲ್ಲಿ ತುಂಬಿದರು. ಈ ಸಾರಿ ಮಕ್ಕಳ ಕೈಯಲ್ಲಿ ಕಳುಹಿಸಲಿಲ್ಲ. ಅಣ್ಣನ ಮುಂದಿಟ್ಟು, "ಅತ್ತೆಯವರ ಡಬ್ಬಿ ಇದು, ನೀವೇ ಒಯ್ದು ಕೊಡಿರಿ" ಎಂದರು. ಅವನು ಬಹಳ ಹೊತ್ತು ಸುಮ್ಮನೆ ಕೂತಿದ್ದು, ಆಮೇಲೆ ಎದ್ದು ಒಯ್ದನು. ತಮ್ಮನು ಬಾಗಲು ತೆರೆದು ಡಬ್ಬಿಯನ್ನು ನೋಡಿದನು. ಇಬ್ಬರೂ ಹೊಸ್ತಿಲಲ್ಲಿಯೇ ನಿಂತು ಅತ್ತರು. ಬದುವಿನ ವ್ಯಾಜ್ಯವು ಇನ್ನೂ ಪೂರ್ತಿಯಾಗಿ ತೀರಿಲ್ಲ, ಮೋಜಣಿಯು ಆಗಬೇಕಾಗಿದೆ. ಆದರೆ ಈಗ ಇಬ್ಬರೂ ಕೂತು ಅದರ ಮಾತಾಡುತ್ತಾರೆ. ಕರ್ತನ ಭೋಜನಕ್ಕೆ ಒಂದೇ ಸಾಲಿನಲ್ಲಿ ಬರುತ್ತಾರೆ. ತಾಯಿಯ ಪ್ರಾರ್ಥನೆಯು ಆಕೆಯ ಆಯುಷ್ಯಕ್ಕಿಂತ ಉದ್ದವಾಗಿತ್ತು.

ಪ್ರಿಯರೇ, ಸತ್ತವರಿಗೋಸ್ಕರ ನಾವು ಮಾಡತಕ್ಕ ಕರ್ಮ ಯಾವದೂ ಇಲ್ಲ. ಅವರು ಕರ್ತನ ಕೈಯಲ್ಲಿ ಕ್ಷೇಮವಾಗಿದ್ದಾರೆ. ಆದರೆ ಅವರು ಅರ್ಧಕ್ಕೆ ಬಿಟ್ಟ ಕೆಲಸವು ನಮ್ಮ ಕೈಯಲ್ಲಿದೆ. ಇಷ್ಟನ್ನು ಮಾಡಿರಿ. ತಾಯಿ ನಿದ್ರೆಹೋದ ದಿನವು ವರುಷಕ್ಕೊಮ್ಮೆ ಬಂದಾಗ ಸಾಲದ ಊಟವನ್ನು ಬಿಟ್ಟು, ಮನೆಯವರೆಲ್ಲರೂ ಕೂಡಿ ಆಕೆಗೆ ಪ್ರಿಯವಾದ ವೇದಭಾಗವನ್ನು ಓದಿರಿ. ಆಕೆ ಏನು ಮಾಡುತ್ತಿದ್ದಳೆಂದು ಚಿಕ್ಕ ಮಕ್ಕಳಿಗೆ ಹೆಸರಿಟ್ಟು ಹೇಳಿರಿ. ಆಕೆಯ ಕೆಲಸಗಳಲ್ಲಿ ಒಂದನ್ನು ಮನೆಯಲ್ಲಿ ಒಬ್ಬರು ವಹಿಸಿಕೊಳ್ಳಿರಿ. ಆಕೆ ಯಾರ ಸಮಾಧಾನಕ್ಕೋಸ್ಕರ ಪ್ರಾರ್ಥಿಸುತ್ತಿದ್ದಳೋ ಅವರ ಬಾಗಲಿಗೆ ಅದೇ ದಿನ ಹೋಗಿರಿ. ತಾಯಿ ಇನ್ನೂ ಬದುಕಿರುವ ಭಾಗ್ಯವುಳ್ಳವರು ಅಷ್ಟು ದಿನ ಕಾಯುವದು ಬೇಡ. ಯೇಸುವು ಶಿಲುಬೆಯ ಮೇಲೆ ತೂಗುತ್ತಿರುವಾಗಲೂ ತನ್ನ ತಾಯಿಯನ್ನು ಪ್ರಿಯ ಶಿಷ್ಯನಿಗೆ ಒಪ್ಪಿಸಿದನು. ಆ ಶಿಷ್ಯನು ಅಂದಿನಿಂದಲೇ ಆಕೆಯನ್ನು ತನ್ನ ಮನೆಯಲ್ಲಿ ಸೇರಿಸಿಕೊಂಡನು.

ಮನೆಯ ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ಅಬ್ರಹಾಮನು ಸಮಾಧಿಯ ಸ್ಥಳವನ್ನು ಸುಮ್ಮನೆ ತೆಗೆದುಕೊಳ್ಳದೆ ಕ್ರಯಕೊಟ್ಟು ಕೊಂಡದ್ದು ಯಾಕೆ?

2. ಯೂನಿಕೆಯ ಗಂಡನು ಗ್ರೀಕನಾಗಿದ್ದರೂ ತಿಮೊಥೆಯು ಪರಿಶುದ್ಧ ಬರಹಗಳನ್ನು ಕಲಿತದ್ದು ಹೇಗೆ?

3. ಸುಸನ್ನಾ ವೆಸ್ಲಿಯು ಒಂದೊಂದು ಮಗುವಿಗೆ ಒಂದೊಂದು ಸಂಜೆಯನ್ನು ಕೊಟ್ಟದ್ದರಿಂದ ಏನು ಪ್ರಯೋಜನವಾಯಿತು? ನಮ್ಮ ಮನೆಯಲ್ಲಿ ಅದಕ್ಕೆ ಯಾವ ಹೊತ್ತು ಅನುಕೂಲ?

4. ನಮ್ಮ ತಾಯಿಯ ಇಲ್ಲವೆ ಅಜ್ಜಿಯ ಹೆಸರೂ ವರುಷಗಳೂ ಮನೆಯ ಸತ್ಯವೇದದಲ್ಲಿ ಬರೆದವೆಯೋ?

5. ಆಕೆ ಅರ್ಧಕ್ಕೆ ಬಿಟ್ಟುಹೋದ ಕೆಲಸ ಯಾವದು? ಈ ವಾರ ಅದನ್ನು ನಮ್ಮಲ್ಲಿ ಯಾರು ಎತ್ತಿಕೊಳ್ಳುವರು?